ಎರಡು ತುದಿಗೆ ಎರಡು ವೇಗ ಕಟ್ಟಿದರೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಾಗದಪತ್ರಕ್ಕೆಂದು ಪಂಚಾಯಿತಿಗೆ ಹೋದವರಿಗೆ ‘ನೆಟ್ ಇಲ್ರಿ, ನಾಳೆ ಬರ್ರಿ’ ಎಂಬ ಮಾತು ಹೊಸದಲ್ಲ. ಎಲ್ಲರೂ ಬೈಯುವುದು ಕೇಬಲ್ಲನ್ನು, ಇಲ್ಲವೇ ರಸ್ತೆ ಅಗೆದ ಜೆಸಿಬಿಯನ್ನು. ಅನೇಕ ಸಲ ಅದು ನಿಜವೂ ಹೌದು. ಆದರೆ ಕೇಬಲ್ ನೆಟ್ಟಗಿದ್ದು, ಎರಡೂ ಕಡೆ ಕರೆಂಟ್ ಇದ್ದೂ ಲಿಂಕ್ ಬಾರದಿರಬಹುದು. ತುದಿಗಳಲ್ಲಿ ಕೂತ ಎರಡು ಪೆಟ್ಟಿಗೆಗಳ ವೇಗ ಹೊಂದದಿದ್ದರೆ ಆಗುವುದು ಇದೇ. ಈ ತೊಂದರೆಯ ಮೂಲ ಮಣ್ಣಿನಡಿ ಇಲ್ಲ, ಟೆಂಡರ್ ಕಡತದಲ್ಲಿದೆ.

ಕಚೇರಿಯ ತಾಮ್ರದ ತಂತಿ ನಮಗೆ ಒಂದು ಕೆಟ್ಟ ಅಭ್ಯಾಸ ಮಾಡಿಸಿದೆ. ಹಳೆಯ 100 ಎಂಬಿಪಿಎಸ್ ಕಂಪ್ಯೂಟರನ್ನು ಹೊಸ ಗಿಗಾಬಿಟ್ ಸ್ವಿಚ್ಚಿಗೆ ಸಿಕ್ಕಿಸಿದರೂ ಅವೆರಡೂ ತಾವೇ ಮಾತಾಡಿಕೊಂಡು, ಇಬ್ಬರಿಗೂ ಒಗ್ಗುವ ವೇಗಕ್ಕೆ ಇಳಿದು ಕೆಲಸ ಶುರು ಮಾಡುತ್ತವೆ. ಫೈಬರ್ ಈಥರ್ನೆಟ್‌ನಲ್ಲಿ ಅಂಥ ಚೌಕಾಸಿ ಇಲ್ಲ. ಗಿಗಾಬಿಟ್ ಫೈಬರ್ ಲಿಂಕ್‌ಗಳು ಡ್ಯುಪ್ಲೆಕ್ಸ್‌ನಂಥ ವಿಷಯಗಳನ್ನು ಪರಸ್ಪರ ವಿಚಾರಿಸಿಕೊಳ್ಳುತ್ತವೆಯೇ ಹೊರತು ವೇಗವನ್ನಲ್ಲ. 100 ಎಂಬಿಪಿಎಸ್ ಲಿಂಕ್ ಸೆಕೆಂಡಿಗೆ 12.5 ಕೋಟಿ ಸಂಕೇತಗಳನ್ನು ಕಳಿಸುತ್ತದೆ, ಗಿಗಾಬಿಟ್ 125 ಕೋಟಿ, 10 ಗಿಗಾಬಿಟ್ ಸಾವಿರ ಕೋಟಿಗೂ ಹೆಚ್ಚು. ಪ್ರತಿಯೊಂದರ ಸಂಕೇತ ಕಟ್ಟುವ ಕ್ರಮವೂ ಬೇರೆ. ಒಂದು ತುದಿ ಗಿಗಾಬಿಟ್ ಎಲ್‌ಎಕ್ಸ್, ಇನ್ನೊಂದು 10 ಗಿಗಾಬಿಟ್ ಎಲ್‌ಆರ್ ಎಂದಿಟ್ಟುಕೊಳ್ಳಿ. ಎರಡೂ ಸಿಂಗಲ್ ಮೋಡ್, ಎರಡರದ್ದೂ 1310 ನ್ಯಾನೋಮೀಟರ್ ಬೆಳಕು. ಪವರ್ ಮೀಟರ್ ಹಚ್ಚಿದರೆ ಬೆಳಕು ಬರುತ್ತಿದೆ ಎನ್ನುತ್ತದೆ, ಲಿಂಕ್ ದೀಪ ಮಾತ್ರ ಹತ್ತುವುದಿಲ್ಲ. ಫೀಲ್ಡಿಗೆ ಹೋದ ಹುಡುಗ ‘ಕೇಬಲ್ ಓಕೆ’ ಎಂದು ಬರೆದು ಟಿಕೆಟ್ ಮುಚ್ಚುತ್ತಾನೆ. ಅವನು ಬರೆದದ್ದು ಸುಳ್ಳೇನಲ್ಲ.

ನೋಟಕ್ಕೆ ಎಲ್ಲವೂ ಒಂದೇ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ಗಿಗಾಬಿಟ್‌ನ ಎಸ್‌ಎಫ್‌ಪಿ, 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಎಂಬ ಮಾಡ್ಯೂಲುಗಳೆರಡೂ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ಲೋಹದ ತುಂಡುಗಳು, ಅಳತೆಯಲ್ಲಿ ವ್ಯತ್ಯಾಸವಿಲ್ಲ. ಗಿಗಾಬಿಟ್ ತುಂಡನ್ನು 10 ಗಿಗಾಬಿಟ್ ಪೋರ್ಟಿಗೆ ಹಾಕಿ, ಸ್ವಿಚ್ಚಿನಲ್ಲಿ ವೇಗವನ್ನು ಗಿಗಾಬಿಟ್‌ಗೆ ಇಳಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ತಿರುವುಮುರುವು ಮಾಡಿದರೆ ಸಾಮಾನ್ಯವಾಗಿ ಇಲ್ಲ. ಕನೆಕ್ಟರಿನ ಬಣ್ಣವೂ ಅಲಂಕಾರಕ್ಕೆ ಇದ್ದದ್ದಲ್ಲ. ಹಸಿರು ತುದಿಯನ್ನು ಓರೆಯಾಗಿ, 8 ಡಿಗ್ರಿ ಕೋನಕ್ಕೆ ಉಜ್ಜಿರುತ್ತಾರೆ, ನೀಲಿಯದನ್ನು ನೇರವಾಗಿ. ಒಂದಕ್ಕೊಂದು ಒತ್ತಿ ಸೇರಿಸಿದರೆ ಸೇರುತ್ತವೆ, ಬೆಳಕು ಸೋರುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯ ದೂರವನ್ನೂ ಸೇರಿಸಿ. ಮೂರೂ ತಾಲ್ಲೂಕು ಕೇಂದ್ರಗಳು ಕಲಬುರಗಿಯಿಂದ 35 ಕಿಲೊಮೀಟರಿಗೂ ಆಚೆ ಇವೆ. 10 ಗಿಗಾಬಿಟ್ ಎಲ್‌ಆರ್ ಮಾಡ್ಯೂಲಿನ ಹದ್ದು 10 ಕಿಲೊಮೀಟರ್. ತಾಲ್ಲೂಕು ಕೇಂದ್ರದಷ್ಟು ದೂರಕ್ಕೆ 1550 ನ್ಯಾನೋಮೀಟರಿನ ಇಆರ್ ಅಥವಾ ಅದಕ್ಕೂ ಬಲವಾದದ್ದು ಬೇಕು. ಅಂಥ ಬಲಶಾಲಿ ಮಾಡ್ಯೂಲನ್ನೇ ತಂದು ಪಕ್ಕದ ಕೋಣೆಯ ಲಿಂಕಿಗೆ ಹಾಕಿದರೆ ಎದುರಿನ ರಿಸೀವರ್ ಸುಟ್ಟೇ ಹೋಗಬಹುದು. ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಕೂರಿಸಬೇಕು. ಕೇಬಲ್ ತುಂಡಾದಾಗಲೆಲ್ಲ ಹಾಕುವ ಒಂದೊಂದು ಸ್ಪ್ಲೈಸೂ ಬೆಳಕಿನ ಲೆಕ್ಕದಿಂದ ಚೂರು ಕಳೆಯುತ್ತದೆ.

ಈ ಮಾತು ಈಗೇಕೆ? ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. 2017ರ ಡಿಸೆಂಬರ್ ಹೊತ್ತಿಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ಮೊದಲ ಹಂತದಲ್ಲಿ ಜಾಲಕ್ಕೆ ಸೇರಿದವು. ಆಗಿನ ತಂತ್ರ, ಒಂದೇ ಎಳೆಯನ್ನು ಹಲವು ಕಡೆಗೆ ಕವಲೊಡೆಸುವ ಜಿಪಾನ್: ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಓಎಲ್‌ಟಿ ಎಂಬ ಮೂಲ ಪೆಟ್ಟಿಗೆ, ಪಂಚಾಯಿತಿಯಲ್ಲಿ ಓಎನ್‌ಟಿ ಎಂಬ ತುದಿಪೆಟ್ಟಿಗೆ, ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಅದರರ್ಧ. 2023ರ ಆಗಸ್ಟ್‌ನಲ್ಲಿ ₹1.39 ಲಕ್ಷ ಕೋಟಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಒಂದೇ ಗೆರೆಯಲ್ಲಿದ್ದ ಜಾಲವನ್ನು ಉಂಗುರವಾಗಿ ಬದಲಿಸಿ, ಎರಡೂ ದಿಕ್ಕಿನಿಂದ ಸಂಪರ್ಕ ಸಿಗುವಂತೆ ರೌಟರ್ ಕೂರಿಸುವ ಯೋಜನೆ ಅದು. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಸೀಮೆಗೆ ಇಂಥದ್ದೇ ಬೇಕಿತ್ತು. ಆದರೆ ಬದಲಾವಣೆ ಒಂದೇ ರಾತ್ರಿ ಆಗದು. ಹಳೆಯ ಜಿಪಾನ್, ಮಧ್ಯದ ಅಗ್ಗದ ಮೀಡಿಯಾ ಕನ್ವರ್ಟರ್, ಹೊಸ ರೌಟರ್ ಇವೆಲ್ಲ ಒಂದಷ್ಟು ಕಾಲ ಒಟ್ಟಿಗೆ ಬಾಳಬೇಕು. ಜಿಪಾನ್ ಎಳೆಯನ್ನು ಈಥರ್ನೆಟ್ ಪೋರ್ಟಿಗೆ ನೇರವಾಗಿ ಸಿಕ್ಕಿಸಿದರೆ ಅವು ಮಾತಾಡುವುದೇ ಇಲ್ಲ.

ಮೊದಲೇ ಯೋಚಿಸಿದರೆ ಹಳೆಯದೂ ಹೊಸದೂ ಕೂಡಿ ನಡೆಯಬಹುದು ಎಂಬುದಕ್ಕೆ ಜಿಪಾನ್ ಮನೆತನದಲ್ಲೇ ಸಾಕ್ಷಿ ಇದೆ. 10 ಗಿಗಾಬಿಟ್‌ನ ಎಕ್ಸ್‌ಜಿಎಸ್-ಪಾನ್ ರೂಪಿಸಿದವರು ಅದಕ್ಕೆ 1577 ಮತ್ತು 1270 ನ್ಯಾನೋಮೀಟರಿನ ಬೇರೆ ಬೆಳಕುಗಳನ್ನು ಆರಿಸಿಕೊಂಡರು; ಹಳೆಯದರ 1490, 1310 ತಮ್ಮ ಪಾಡಿಗೆ ಉಳಿದವು. ಒಂದೇ ಎಳೆಯಲ್ಲಿ ಎರಡು ತಲೆಮಾರು ಒಟ್ಟಿಗೆ ಓಡುತ್ತವೆ. ಈಥರ್ನೆಟ್‌ನಲ್ಲಿ ದಾರಿ ಬೇರೆ: ಎರಡೂ ತುದಿಯನ್ನು ಜೋಡಿಯಾಗಿ ಬದಲಿಸಬೇಕು, ಇಲ್ಲವೇ ಎರಡು ವೇಗದ ಪೋರ್ಟುಗಳಿರುವ ಸ್ವಿಚ್ಚನ್ನು ನಡುವೆ ಇಡಬೇಕು. ಅದು ಒಂದು ವೇಗದಲ್ಲಿ ಬಂದದ್ದನ್ನು ಪೂರ್ತಿ ಓದಿಕೊಂಡು ಇನ್ನೊಂದು ವೇಗದಲ್ಲಿ ಕಳಿಸುತ್ತದೆ. ಹಣಕ್ಕಿಂತ ಇದಕ್ಕೆ ಶಿಸ್ತು ಬೇಕು.

ಆ ಶಿಸ್ತಿಗೆ ನಮ್ಮ ಖರೀದಿ ಪದ್ಧತಿ ಆಸ್ಪದ ಕೊಡುವುದಿಲ್ಲ. ಕೇಬಲ್ಲಿಗೆ ಒಂದು ಬಿಲ್, ಪೆಟ್ಟಿಗೆಗೆ ಇನ್ನೊಂದು, ನಿರ್ವಹಣೆಗೆ ಮತ್ತೊಂದು ಎಂದು ಹರಿದು ಹಂಚಿದ ಮೇಲೆ ಇಡೀ ಲಿಂಕಿಗೆ ಹೊಣೆಗಾರ ಯಾರು? ಹಾಕಿದ ಕಿಲೊಮೀಟರ್ ಎಣಿಸಿ ‘ಸರ್ವಿಸ್ ರೆಡಿ’ ಎಂದು ಘೋಷಿಸುವುದನ್ನು ಬಿಟ್ಟು, ಎರಡು ತುದಿಯ ನಡುವೆ ಒಂದಿಡೀ ದಿನ ಡೇಟಾ ಹರಿದದ್ದನ್ನು ತೋರಿಸಿದ ಮೇಲೆಯೇ ಬಿಲ್ ಪಾಸಾಗಬೇಕು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಹಣ ಬರುತ್ತಿಲ್ಲ ಎನ್ನುವ ಹಾಗಿಲ್ಲ. ಅದರಲ್ಲಿ ಪ್ರತಿ ತಾಲ್ಲೂಕಿಗೆ ಬಿಡಿ ಮಾಡ್ಯೂಲುಗಳ ಒಂದು ಪೆಟ್ಟಿಗೆ, ಅದನ್ನು ಬಳಸಲು ಸ್ಥಳೀಯ ಐಟಿಐ ಹುಡುಗರಿಗೆ ತರಬೇತಿ ದೊಡ್ಡ ಖರ್ಚಲ್ಲ.

ಪ್ರತಿ ಪಂಚಾಯಿತಿಯಲ್ಲೂ ಒಂದು ಹಾಳೆ ಬೇಕು: ಪೋರ್ಟಿನ ವೇಗ, ಬೆಳಕಿನ ನ್ಯಾನೋಮೀಟರ್, ಸಿಂಗಲ್ ಮೋಡೋ ಮಲ್ಟಿ ಮೋಡೋ, ದೂರ, ಕನೆಕ್ಟರಿನ ಬಣ್ಣ, ಎದುರು ತುದಿ ಯಾವ ಊರಿನ ಯಾವ ಪೋರ್ಟು. ಅದನ್ನು ಪೋರ್ಟಲ್‌ಗೆ ಏರಿಸಿ ಸುಮ್ಮನಾಗದೆ ರ‍್ಯಾಕಿನ ಬಾಗಿಲ ಒಳಮೈಗೆ ಅಂಟಿಸಬೇಕು. ನೆಟ್ ಹೋದ ದಿನ ಪೋರ್ಟಲ್ ತೆರೆಯುವುದಿಲ್ಲವಲ್ಲ.