ಬಿತ್ತನೆಗೆಡ್ಡೆಯೂ ತಿಪ್ಪೆಯ ಜೀವವೂ

ಮುಂಗಾರಿಗೆ ಮುನ್ನ ಹಾಸನದ ಆಲೂಗಡ್ಡೆ ಬೆಳೆಗಾರ ಪಂಜಾಬಿನ ಜಲಂಧರದಿಂದ ಬರುವ ಲಾರಿಗಳ ದಾರಿ ಕಾಯುತ್ತಾನೆ. ಎಕರೆಗೆ ಆರರಿಂದ ಎಂಟು ಕ್ವಿಂಟಾಲ್ ಬಿತ್ತನೆಗೆಡ್ಡೆ ಬೇಕು. ಬೇಸಾಯದ ಖರ್ಚಿನಲ್ಲಿ ದೊಡ್ಡ ಪಾಲು ಅದರದೇ. ಚೀಲದೊಳಗಿನ ಗೆಡ್ಡೆ ರೋಗ ಹೊತ್ತು ಬಂದಿದೆಯೇ ಎಂಬುದು ಬಿತ್ತಿದ ಮೇಲಷ್ಟೇ ತಿಳಿಯುತ್ತದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ ಅಂದು ಅಂಗಮಾರಿಯನ್ನು ತಡೆದುಕೊಳ್ಳುತ್ತಿತ್ತು. ಇಂದು ಅದಕ್ಕೆ ಸುಲಭವಾಗಿ ತುತ್ತಾಗುತ್ತಿದೆ.

ಬೀಜದ ದುಬಾರಿಗೆ ಅಂಜಿ ಗೆಡ್ಡೆಯನ್ನು ಹೋಳು ಮಾಡಿ ನೆಡುವುದು ರೂಢಿ. ಜಡಿಮಳೆಯಲ್ಲಿ ಕೊಳೆಯುವುದು ಈ ಹಸಿ ಗಾಯವೇ. ಇಲ್ಲಿ ಟ್ರೈಕೋಡರ್ಮ ಎಂಬ ಶಿಲೀಂಧ್ರ ನೆರವಿಗೆ ಬರುತ್ತದೆ. ಅದು ಕೊಳೆಸುವ ಶಿಲೀಂಧ್ರಗಳನ್ನು ಸುತ್ತಿ ತಿನ್ನುತ್ತದೆ, ಅವುಗಳ ಜಾಗವನ್ನೂ ಆಕ್ರಮಿಸುತ್ತದೆ. ಆದರೆ ಬರಿಮಣ್ಣಿಗೆ ಪುಡಿ ಎರಚಿದರೆ ಅದು ಬದುಕದು; ಅದಕ್ಕೆ ಉಣಿಸು ಬೇಕು. ನೂರು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋ ಬೆರೆಸಿ, ನೆರಳಿನಲ್ಲಿ ಹದವಾಗಿ ತೇವವಿರಿಸಿ, ಮುಚ್ಚಿ, ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿದರೆ ಒಂದೆರಡು ವಾರದಲ್ಲಿ ಗೊಬ್ಬರದ ತುಂಬ ಅದು ಹಬ್ಬುತ್ತದೆ. ಹಸಿ ಸಗಣಿ ಸಲ್ಲದು. ತಾಮ್ರದ ಔಷಧದೊಡನೆ ಬೆರೆಸುವುದೂ ಸಲ್ಲದು. ಅಂಗಡಿಯ ಬಿಸಿಲಿನಲ್ಲಿ ಅವಧಿ ಮೀರಿ ಕುಳಿತ ಪೊಟ್ಟಣದಲ್ಲಿ ಜೀವವಿರುವ ಭರವಸೆಯಿಲ್ಲ. ಕೊಂಡವನಿಗೆ ಉಳಿಯುವುದು ಬರಿಯ ಪುಡಿ.

ಬೇರಿನೊಳಗೆ ನೆಲೆಸಿ ದೂರದ ರಂಜಕವನ್ನು ತಂದುಕೊಡುವ ಮೈಕೊರೈಜದ ಬಗೆ ಬೇರೆ. ಅದು ಜೀವಂತ ಬೇರಿಲ್ಲದೆ ವೃದ್ಧಿಸದು. ಅದನ್ನು ಬೆಳೆಸಲು ರಾಗಿಯ ಬೇರು ಒಳ್ಳೆಯ ಆಸರೆ. ಆಲೂಗಡ್ಡೆಯೊಂದಿಗೆ ರಾಗಿಯ ಸರದಿಯನ್ನು ಬಿಡದವರ ಹೊಲದಲ್ಲಿ ಈ ಶಿಲೀಂಧ್ರ ಕಾಸಿಲ್ಲದೆ ಉಳಿದುಬರುತ್ತದೆ. ರಂಜಕದ ಗೊಬ್ಬರವನ್ನು ವಿಪರೀತ ಸುರಿದಲ್ಲಿ ಸೊರಗುತ್ತದೆ.

ಇವೆಲ್ಲಕ್ಕೂ ಮಿತಿಯಿದೆ. ಎಲೆಗೆರಗುವ ಅಂಗಮಾರಿ ಅಡಿಕೆಯ ಕೊಳೆರೋಗದ ಕುಲದ್ದೇ. ಗಾಳಿ ಮಳೆಯಲ್ಲಿ ಬರುವ ಅದನ್ನು ತಿಪ್ಪೆಯ ಶಿಲೀಂಧ್ರ ತಡೆಯಲಾರದು. ಹೇನುಗಳು ಹರಡಿದ ನಂಜು ಗೆಡ್ಡೆಯೊಳಗಿದ್ದರೆ ಯಾವ ಗೊಬ್ಬರವೂ ಅದನ್ನು ತೊಳೆಯದು. ಸಾವಯವದ ಹೆಸರಿನಲ್ಲಿ ಇದನ್ನು ಮರೆಮಾಚುವವರು ರೈತನಿಗೆ ಉಪಕಾರ ಮಾಡುತ್ತಿಲ್ಲ.

ಆದುದರಿಂದ ಮೊದಲು ಬೇಕಾದುದು ನಂಜಿಲ್ಲದ ತಾಯಿಗಿಡ. ಅಂತಹ ಗಿಡದ ಕುಡಿ ಕತ್ತರಿಸಿ, ಬೇರು ಬರಿಸಿ, ಆ ಸಸಿಗಳಿಂದ ಹಾಸನ ಸೀಮೆಯಲ್ಲಿಯೇ ಬಿತ್ತನೆಗೆಡ್ಡೆ ಬೆಳೆಯುವ ಕ್ರಮ ಈಚಿನ ವರ್ಷಗಳಲ್ಲಿ ಬಂದಿದೆ. ಎಳೆಯ ಬೇರಿಗೆ ಮೊದಲ ದಿನದಿಂದಲೇ ಒಳ್ಳೆಯ ಶಿಲೀಂಧ್ರದ ಸಹವಾಸ ಕೊಡಲು ಇದಕ್ಕಿಂತ ಅನುಕೂಲದ ಹಂತ ಇನ್ನೊಂದಿಲ್ಲ. ಊರಿಗೊಂದು ಸಸಿಮಡಿಯನ್ನು ಹತ್ತು ಮನೆಯವರು ಕೂಡಿ ನಡೆಸಬಹುದು. ಶಾಲೆಯ ಮಕ್ಕಳು ಗೊಬ್ಬರ ಹಾಕಿದ ಮಡಿಯನ್ನೂ ಹಾಕದ ಮಡಿಯನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ, ಕೊಳೆತ ಗೆಡ್ಡೆಗಳನ್ನು ಎಣಿಸಿ ಬರೆದಿಡಬಹುದು. ಮೇ ತಿಂಗಳ ನಾಟಿಗೆ ಏಪ್ರಿಲ್ ಮೊದಲ ವಾರದಲ್ಲಿಯೇ ತಿಪ್ಪೆಯ ಕಳಿತ ಗೊಬ್ಬರವನ್ನು ಬಗೆದು ನೆರಳಿಗೆ ಹಾಕಬೇಕು.