ನಿಂತರೆ ಮಾನ, ಓಡಿದರೆ ದಂಡ

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹಳೆಯ ವಾಹನಗಳಿಗೆಂದೇ ಒಂದು ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಯಾವುದೂ ಬದಲಾಗದ ಖಾಸಗಿ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ವಿಂಟೇಜ್ ಮನ್ನಣೆ. ಹೊಸದಾಗಿ ನೋಂದಾಯಿಸಿದರೆ ‘ವಿಎ’ ಅಕ್ಷರಗಳ ಫಲಕ. ಮೊದಲೇ ನಂಬರ್ ಇದ್ದ ಗಾಡಿಗೆ ಆ ನಂಬರನ್ನೇ ಉಳಿಸಿಕೊಳ್ಳುವ ಅವಕಾಶ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಇಷ್ಟಕ್ಕೇ ನಿಯಮ ಮುಗಿದಿದ್ದರೆ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಮನ್ನಣೆ ಪಡೆದ ಗಾಡಿ ರಸ್ತೆಗಿಳಿಯಬೇಕಾದರೆ ಪ್ರದರ್ಶನ, ತಾಂತ್ರಿಕ ಸಂಶೋಧನೆ ಇಲ್ಲವೇ ರ್‍ಯಾಲಿಯ ನೆಪ ಬೇಕು. ಪೆಟ್ರೋಲ್ ಹಾಕಿಸಲು, ದುರಸ್ತಿಗೆ ಒಯ್ಯಲು ಬಿಡುತ್ತಾರೆ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗಾಡಿಯನ್ನು ಉಳಿಸಲೆಂದು ಬರೆದ ಈ ಷರತ್ತೇ ಗಾಡಿಯನ್ನು ಕೊಲ್ಲುತ್ತದೆ ಎಂಬುದು ನನ್ನ ವಾದ.

ನಿಂತ ಗಾಡಿಗೆ ಏನಾಗುತ್ತದೆಂದು ಯಾವ ಮಿಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ಸಿಲಿಂಡರಿನ ಗೋಡೆಗೆ ಅಂಟಿದ್ದ ಆಯಿಲ್ ತಿಂಗಳುಗಟ್ಟಲೆ ನಿಂತರೆ ಇಳಿದುಹೋಗಿ, ಪಿಸ್ಟನ್ ರಿಂಗು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಚಕ್ರದೊಳಗಿನ ಪುಟ್ಟ ಸಿಲಿಂಡರು ಜಾಮ್ ಆಗುತ್ತದೆ. ಆಯಿಲ್ ಸೀಲುಗಳು ಒಣಗಿ ಬಿರಿಯುತ್ತವೆ, ಟೈರು ನಿಂತ ಜಾಗದಲ್ಲೇ ಚಪ್ಪಟೆಯಾಗುತ್ತದೆ. ವಾರಕ್ಕೊಮ್ಮೆ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಐದು ನಿಮಿಷ ಗುರುಗುಟ್ಟಿಸಿದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಿನಂಶ ಆವಿಯಾಗಿ ಹೊರಹೋಗದೆ ಸೈಲೆನ್ಸರಿನಲ್ಲೂ ಆಯಿಲ್ಲಿನಲ್ಲೂ ಉಳಿಯುತ್ತದೆ. ಗೇರು, ಡಿಫರೆನ್ಷಿಯಲ್, ಬ್ರೇಕು ಇವ್ಯಾವುದಕ್ಕೂ ಆ ಐದು ನಿಮಿಷದಿಂದ ಪ್ರಯೋಜನವಿಲ್ಲ. ಹತ್ತಾರು ಕಿಲೋಮೀಟರು ಭಾರ ಹೊತ್ತು, ಗೇರು ಬದಲಿಸುತ್ತ, ಬ್ರೇಕು ಒತ್ತುತ್ತ ಓಡಿದಾಗಲೇ ಅವು ಜೀವಂತ ಇರುತ್ತವೆ.

ಇದಕ್ಕೆ ಈಗ ಹೊಸದೊಂದು ಕಾರಣವೂ ಸೇರಿದೆ, ಅದು ನಮ್ಮ ಹೊಲಗಳಿಂದಲೇ ಹೊರಟದ್ದು. ಬೆಳಗಾವಿ ಜಿಲ್ಲೆಯ ಕಬ್ಬು ಸಕ್ಕರೆಯಾಗುವುದರ ಜೊತೆಗೆ ಎಥೆನಾಲ್ ಕೂಡ ಆಗುತ್ತದೆ. ಬಂಕಿನ ಪೆಟ್ರೋಲಿನಲ್ಲಿ ಅದರ ಪಾಲು ಶೇ 20ಕ್ಕೆ ಮುಟ್ಟಿದೆ. ರೈತನಿಗೆ ಒಳ್ಳೆಯದಾಯಿತು, ಸಂತೋಷ. ಆದರೆ ಎಥೆನಾಲ್ ನೀರು ಹೀರುವ ವಸ್ತು. ಟ್ಯಾಂಕಿನಲ್ಲಿ ಬಹಳ ದಿನ ಕುಳಿತರೆ ತೇವ ಹೀರಿ, ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಟ್ಯಾಂಕು ತುಕ್ಕಾಗುತ್ತದೆ, ಆ ತುಕ್ಕು ಕಾರ್ಬೋರೇಟರಿನ ಜೆಟ್ಟಿನ ಸಣ್ಣ ತೂತನ್ನು ಮುಚ್ಚುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳನ್ನೂ ಅದು ತಿನ್ನುತ್ತದೆ. ಪೈಪನ್ನು ಬದಲಿಸಬಹುದು. ನಿಂತ ಪೆಟ್ರೋಲಿಗೆ ಮಾತ್ರ ಅದನ್ನು ಬೇಗ ಸುಟ್ಟು ಹೊಸದು ತುಂಬಿಸುವುದೇ ಸುಲಭದ ಮದ್ದು. ಅಂದರೆ ಗಾಡಿ ಓಡಬೇಕು.

ಈ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಬಹುಶಃ ಮಹಾರಾಜರ ಕಾರುಗಳು. ಅವಕ್ಕೆ ಧರ್ಮಸ್ಥಳದ ಸಂಗ್ರಹವಿದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಸಂಗ್ರಹಾಲಯವಿದೆ. ಸುರೇಬಾನ, ರಾಮದುರ್ಗ, ಸವದತ್ತಿಯ ಕಡೆ ವಿಂಟೇಜ್ ಎಂದರೆ ಹಿತ್ತಲಲ್ಲಿ ನಿಂತ ಮಹೀಂದ್ರಾ ಪೆಟ್ರೋಲ್ ಜೀಪು, ಮಾರ್ಕ್ 2 ಅಂಬಾಸಿಡರ್, ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ. ಇವೂ ಐವತ್ತು ದಾಟಿದವು. ಇವುಗಳ ಮಾಲೀಕನಿಗೆ ಹತ್ತಿರದಲ್ಲಿ ಯಾವ ರ್‍ಯಾಲಿಯಿದೆ? ಬೆಂಗಳೂರು ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಶಬರಿಕೊಳ್ಳಕ್ಕೋ ಯಲ್ಲಮ್ಮನ ಗುಡ್ಡಕ್ಕೋ ಮನೆಮಂದಿಯನ್ನು ಕೂರಿಸಿಕೊಂಡು ಹೋಗಿಬಂದರೆ ಅದು ರ್‍ಯಾಲಿಯೂ ಅಲ್ಲ, ಸಂಶೋಧನೆಯೂ ಅಲ್ಲ. ಎಂಜಿನ್ ಬದಲಾಗಿರಬಾರದು ಎಂಬ ಷರತ್ತೂ ಹಳ್ಳಿಯ ಜೀಪಿಗೆ ಮುಳುವು. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಎಷ್ಟೋ ಜೀಪುಗಳು, ಅಂಬಾಸಿಡರುಗಳು ಮೆಟಡಾರಿನ ಡೀಸೆಲ್ ಎಂಜಿನ್ ಹಾಕಿಸಿಕೊಂಡೇ ಬದುಕಿದವು. ಆ ಬದಲಾವಣೆಯೂ ಈ ನಾಡಿನ ವಾಹನ ಚರಿತ್ರೆಯೇ. ಕಾನೂನು ಅದನ್ನು ಕಲಬೆರಕೆ ಎಂದು ಎಣಿಸುತ್ತದೆ.

ವಿಂಟೇಜ್ ಮನ್ನಣೆ ಕಡ್ಡಾಯವಲ್ಲ, ಬೇಡವಾದವರು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಲಿ ಎಂದು ಅಧಿಕಾರಿಗಳು ಹೇಳಬಹುದು. ಆ ದಾರಿ ಇರುವುದು ನಿಜ. ಆದರೆ 15 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿಸಿದ್ದೇ ಹಳೆಯ ಗಾಡಿ ರಸ್ತೆ ಬಿಡಲಿ ಎಂದು. ಗುಜರಿ ನೀತಿಯ ಕೈಗೆ ಪರಂಪರೆಯನ್ನು ಒಪ್ಪಿಸಿ ಉಳಿಸಿಕೋ ಎನ್ನುವುದು ಯಾವ ನ್ಯಾಯ?

ಹೊಗೆಯ ಮಾತು ಬರುತ್ತದೆ. ನಮ್ಮ ದೇಶದಲ್ಲಿ ಪೆಟ್ರೋಲ್ ವಾಹನದ ಹೊಗೆಗೆ ಮೊದಲ ಮಿತಿ ಬಂದದ್ದೇ 1989ರಲ್ಲಿ. ಅದಕ್ಕೂ ಹಿಂದಿನ ಎಂಜಿನ್ ಕಿಲೋಮೀಟರಿಗೆ ಹೆಚ್ಚು ಹೊಗೆ ಬಿಡುತ್ತದೆ, ಒಪ್ಪಬೇಕು. ಆದರೆ ವರ್ಷಕ್ಕೆ ಸಾವಿರ ಕಿಲೋಮೀಟರು ಓಡುವ ಬೆರಳೆಣಿಕೆಯ ಗಾಡಿಗಳಿಂದ ಊರಿನ ಗಾಳಿ ಕೆಡದು. ಸುರಕ್ಷತೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಸೀಟ್ ಬೆಲ್ಟ್ ಇಲ್ಲದ, ಡ್ರಮ್ ಬ್ರೇಕಿನ ಜೀಪು ಇಂದಿನ ಹೆದ್ದಾರಿಯ ವೇಗಕ್ಕೆ ಹುಟ್ಟಿದ್ದಲ್ಲ. ಹಾಗಾದರೆ ಹೆದ್ದಾರಿಗೆ ಬಿಡಬೇಡಿ, ರಾತ್ರಿ ಬಿಡಬೇಡಿ, ವರ್ಷಕ್ಕೊಮ್ಮೆ ಬ್ರೇಕು, ಸ್ಟೇರಿಂಗು ಪರೀಕ್ಷಿಸಿ. ನಿಂತೇ ಇದ್ದು ವರ್ಷಕ್ಕೊಮ್ಮೆ ರ್‍ಯಾಲಿಗೆ ಹೊರಡುವ ಗಾಡಿಯ ಬ್ರೇಕಿಗಿಂತ ವಾರವಾರ ಓಡುವುದರ ಬ್ರೇಕನ್ನೇ ಹೆಚ್ಚು ನಂಬಬಹುದು ಎಂಬುದೂ ಗಮನದಲ್ಲಿರಲಿ. ಜರ್ಮನಿ 1997ರಿಂದ 30 ವರ್ಷ ದಾಟಿದ ಕಾರುಗಳಿಗೆ ‘ಎಚ್’ ಫಲಕ ಕೊಟ್ಟು ರಸ್ತೆಗೆ ಬಿಟ್ಟಿದೆ. ಬ್ರಿಟನ್ 40 ವರ್ಷ ದಾಟಿ ಹೆಚ್ಚೇನೂ ಬದಲಾಗದ ಕಾರುಗಳಿಗೆ ವಾರ್ಷಿಕ ಪರೀಕ್ಷೆಯಿಂದಲೇ ವಿನಾಯಿತಿ ಕೊಟ್ಟಿದೆ. ಅಷ್ಟು ಸಡಿಲ ನಮಗೆ ಬೇಡ.

ಶ್ರೀಮಂತರ ಶೋಕಿಗೆ ಇಷ್ಟೆಲ್ಲ ಏಕೆ ಎನ್ನುವವರು ಉದ್ಯಮಬಾಗದ ಲೇಥ್ ಅಂಗಡಿಗಳನ್ನು ನೆನೆಯಬೇಕು. ಅಂಗಡಿಯಲ್ಲಿ ಸಿಗದ ಬುಷ್ಷು, ಪಿನ್ನುಗಳನ್ನು ಅಳತೆ ನೋಡಿ ಕಡೆದುಕೊಡುವ, ಎರಕ ಹೊಯ್ದು ಕೊಡುವ ಕೈಗಳು ಬೆಳಗಾವಿಯಲ್ಲಿ ಇನ್ನೂ ಇವೆ. ಪಾಯಿಂಟಿನ ಗ್ಯಾಪು ಹಿಡಿಯುವುದು, ಸದ್ದು ಕೇಳಿ ಟೈಮಿಂಗ್ ಹೇಳುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಗಾಡಿ ಓಡಿದರೆ ಸವೆಯುತ್ತದೆ, ಸವೆದರೆ ಮಿಸ್ತ್ರಿಗೆ ಕೆಲಸ, ಕೆಲಸವಿದ್ದರೆ ಕಲಿಯಲು ಹುಡುಗ ಬರುತ್ತಾನೆ.

ಉಳಿದದ್ದು ದುರುಪಯೋಗದ ಭಯ. ವಿಂಟೇಜ್ ಹೆಸರಲ್ಲಿ ದಿನವೂ ಬಾಡಿಗೆ ಹೊಡೆದರೆ? ಅದಕ್ಕೂ ದಾರಿಯಿದೆ. ವರ್ಷಕ್ಕೆ 1,500 ಕಿಲೋಮೀಟರ್ ಎಂದು ಮಿತಿ ಹಾಕಿ, ವಿಮೆ ನವೀಕರಿಸುವಾಗ ಮೀಟರ್ ಓದಿ ದಾಖಲಿಸಿ. ಮಿತಿ ಮೀರಿದರೆ ಮನ್ನಣೆ ಕಿತ್ತುಕೊಳ್ಳಿ. ದಶಕಗಳ ಹಿಂದೆ ಡೀಸೆಲ್‌ಗೆ ಬದಲಾದ ಗಾಡಿಗಳಿಗೆ ಬೇರೆ ವರ್ಗ ಮಾಡಿ. ಜೀಪಿಗೂ ರೋಲ್ಸ್ ರಾಯ್ಸಿಗೂ ಒಂದೇ 20,000 ಎನ್ನುವುದನ್ನು ಬಿಡಿ. ತಿದ್ದುಪಡಿ ದೆಹಲಿಯಲ್ಲಿ ಆಗಬೇಕಾದ್ದರಿಂದ ನಮ್ಮ ಸಂಸದರು ಬಾಯಿ ತೆರೆಯಬೇಕು. ಅಲ್ಲಿಯವರೆಗೆ, ಹಿತ್ತಲಲ್ಲಿ ಹಳೆಯ ಜೀಪೋ ಜಾವಾವೋ ಇರುವವರು ಆರ್‌ಸಿ ಪುಸ್ತಕ ತೆಗೆದು ಇಸವಿ ನೋಡಿಕೊಳ್ಳಿ. ಐವತ್ತು ದಾಟಿದ್ದರೆ ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ ಒಮ್ಮೆ ಬೈಲಹೊಂಗಲದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.