ನಾಯಿಮರಿಯ ಪ್ರಥಮ ಯಾತ್ರೆ

ಮನೆಗೆ ನಾಯಿಮರಿಯೊಂದು ಬಂದಿತೆಂದರೆ ಅದರ ನಾಮಕರಣಕ್ಕೆ ನಡೆಯುವಷ್ಟು ಚರ್ಚೆ ಎಷ್ಟೋ ಮನೆಗಳಲ್ಲಿ ಮಗುವಿನ ನಾಮಕರಣಕ್ಕೂ ನಡೆಯುವುದಿಲ್ಲ. ಹಿರಿಯ ಮಗ ‘ಟೈಗರ್’ ಎನ್ನುತ್ತಾನೆ. ಕಿರಿಯ ಮಗಳು ‘ಚಿನ್ನು’ ಎನ್ನುತ್ತಾಳೆ. ಏನಾದರೂ ಕರೆದುಕೊಳ್ಳಿ, ಅಡಿಗೆಮನೆಯ ಹೊಸ್ತಿಲು ಮಾತ್ರ ದಾಟಕೂಡದೆಂದು ಅಜ್ಜಿ ಅಪ್ಪಣೆ ಕೊಡಿಸುತ್ತಾರೆ. ಮಲಗಲು ಹಳೆಯ ಕಂಬಳಿ, ಉಣ್ಣಲು ತಟ್ಟೆ, ಕೊರಳಿಗೆ ಗೆಜ್ಜೆಯ ಪಟ್ಟಿ ಎಲ್ಲವೂ ಒಂದೇ ದಿನದಲ್ಲಿ ಒದಗುತ್ತವೆ. ವೈದ್ಯರಲ್ಲಿಗೆ ಕರೆದೊಯ್ಯಬೇಕೆಂಬುದು ಮಾತ್ರ, ಮರಿ ಊಟ ಬಿಟ್ಟು ಮೂಲೆ ಸೇರಿದ ದಿನವೇ ನೆನಪಾಗುವುದು.

ಪಶುವೈದ್ಯಶಾಲೆಗೆ ನಮ್ಮ ಜನ ಇಂದಿಗೂ ‘ದನದ ಆಸ್ಪತ್ರೆ’ ಎಂದೇ ಹೇಳುವುದು. ದನಗಳಿಗೆ ವೈದ್ಯವುಂಟೆಂಬುದನ್ನು ಕನ್ನಡಿಗರು ಬಹು ಹಿಂದೆಯೇ ಬಲ್ಲರು. ಚಾಲುಕ್ಯ ಮನೆತನದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನೇ ರಚಿಸಿದನು. ಹಾಗೆಂದು ನಾಯಿಗೆ ಈ ನಾಡಿನಲ್ಲಿ ಸಂದ ಮರ್ಯಾದೆಯೇನೂ ಕಡಮೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವನ್ನು ನಾವು ಪ್ರತಿ ವರ್ಷವೂ ತರಗತಿಯಲ್ಲಿ ಪಾಠ ಹೇಳುತ್ತೇವೆ. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ, ಏನು ಬೇಕೋ ಬೇಡಿಕೋ ಎಂದು ಅರಸನು ಅಂದಾಗ, ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನೆಟ್ಟರು, ಭೂಮಿಯನ್ನೂ ಬಿಟ್ಟರು. ಕಾಳಿಗೆ ಕಲ್ಲು ನಿಲ್ಲಿಸಿದವರ ಸಂತತಿ ಚಿನ್ನುವಿಗೆ ಒಂದು ಸೂಜಿಮದ್ದು ಹಾಕಿಸಲು ಹಿಂದೆಗೆಯುವುದೇಕೋ ನನಗೆ ತಿಳಿಯದು.

ಮರಿ ಬಂದ ನಾಲ್ಕಾರು ದಿನಗಳಲ್ಲಿಯೇ, ಅದು ಚೆನ್ನಾಗಿ ಕುಣಿದಾಡುತ್ತಿರುವಾಗಲೇ, ಒಮ್ಮೆ ವೈದ್ಯರಿಗೆ ತೋರಿಸುವುದು ಮೇಲು. ಈದ ಹೊಸದರಲ್ಲಿ ತಾಯಿ ಕೊಡುವ ಗಿಣ್ಣುಹಾಲಿನಲ್ಲಿ ರೋಗವನ್ನು ತಡೆಯುವ ಶಕ್ತಿ ಇರುತ್ತದೆ. ಆದರೆ ತಾಯಿ ಕೊಟ್ಟ ಆ ರಕ್ಷೆ ಬಹುಕಾಲ ಬಾಳುವುದಿಲ್ಲ; ಅದು ಇರುವಷ್ಟು ದಿನ ಲಸಿಕೆಯನ್ನೂ ಸರಿಯಾಗಿ ಹತ್ತಗೊಡುವುದಿಲ್ಲ. ಅದು ಯಾವ ಮರಿಯಲ್ಲಿ ಎಂದು ಕರಗುವುದೆಂದು ಹೊರಗಿನಿಂದ ನೋಡಿ ಹೇಳಲಾಗದು. ಆದುದರಿಂದಲೇ ಆರರಿಂದ ಎಂಟು ವಾರಗಳ ವಯಸ್ಸಿಗೆ ಲಸಿಕೆಯನ್ನು ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ, ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕುತ್ತಾರೆ. ಒಂದೇ ಇಂಜೆಕ್ಷನ್ನಿಗೆ ಮೂರು ಸಲ ಹಣ ಕೀಳುತ್ತಾರೆಂದು ವೈದ್ಯರನ್ನು ದೂರುವ ಗೃಹಸ್ಥರು ಇದನ್ನು ಗಮನಿಸಬೇಕು.

ಈ ಲಸಿಕೆ ತಡೆಯುವ ಬೇನೆಗಳಲ್ಲಿ ಪಾರ್ವೊ ಎಂಬುದು ಅತಿ ಕ್ರೂರವಾದುದು. ನಾಯಿಗಳಲ್ಲಿ ಅದು 1978ರಲ್ಲಿ ಬೆಳಕಿಗೆ ಬಂದು, ಎರಡು ವರ್ಷಗಳೊಳಗೆ ಲೋಕವನ್ನೆಲ್ಲ ಸುತ್ತಿತು. ವಾಂತಿ, ರಕ್ತಭೇದಿ, ಬೆಳಿಗ್ಗೆ ಚೆಂಡಿನ ಹಿಂದೆ ಓಡುತ್ತಿದ್ದ ಮರಿ ಎರಡು ಮೂರು ದಿನಗಳಲ್ಲಿ ಇಲ್ಲವಾಗುತ್ತದೆ. ನಮ್ಮ ಬೀದಿಯಲ್ಲಿಯೇ ಒಂದು ಮನೆಯ ಮಕ್ಕಳು ಹೀಗೆ ಮರಿಯನ್ನು ಕಳೆದುಕೊಂಡು ಎರಡು ದಿನ ಅನ್ನ ಮುಟ್ಟಲಿಲ್ಲ. ಸಮಾಧಾನಕ್ಕೆಂದು ತಂದೆ ಹದಿನೈದು ದಿನಗಳಲ್ಲಿ ಇನ್ನೊಂದು ಮರಿಯನ್ನು ತಂದರು. ಅದಕ್ಕೂ ಅದೇ ಗತಿಯಾಯಿತು. ಈ ರೋಗದ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ; ಆ ಮನೆಯವರು ಅಂಗಳಕ್ಕೆ ಸುರಿದಿದ್ದ ಫಿನಾಯಿಲಿಗೆ ಅದು ಜಗ್ಗುವುದಿಲ್ಲ, ಬ್ಲೀಚಿಂಗ್ ಪುಡಿಯ ನೀರೇ ಬೇಕು. ಆಸ್ಪತ್ರೆಯ ಅಂಗಳಕ್ಕೆ ರೋಗಿಷ್ಠ ನಾಯಿಗಳೂ ಬರುತ್ತವಷ್ಟೆ. ಲಸಿಕೆ ಮುಗಿಯದ ಮರಿಯನ್ನು ಅಲ್ಲಿ ನೆಲಕ್ಕೆ ಬಿಡದೆ ತೊಡೆಯ ಮೇಲೋ ಬುಟ್ಟಿಯಲ್ಲೋ ಇಟ್ಟುಕೊಳ್ಳಬೇಕು. ಪಕ್ಕದವರ ನಾಯಿಯೊಡನೆ ಪರಿಚಯ ಮಾಡಿಸುವ ಔದಾರ್ಯವನ್ನು ಅಲ್ಲಿ ತೋರದಿದ್ದರೆ ಒಳ್ಳೆಯದು.

ಇನ್ನು ಸಿದ್ಧತೆಯ ಮಾತು. ಇದು ಹೊರಡುವ ಗಳಿಗೆಯ ಕೆಲಸವಲ್ಲ, ಒಂದು ವಾರದ ಅಭ್ಯಾಸ. ವೈದ್ಯರು ಮರಿಯ ಕಿವಿ ಮಡಿಚಿ ನೋಡುತ್ತಾರೆ, ತುಟಿಯೆತ್ತಿ ಹಲ್ಲು ಪರೀಕ್ಷಿಸುತ್ತಾರೆ, ಪಾದ ಹಿಡಿಯುತ್ತಾರೆ, ಹೊಟ್ಟೆಯನ್ನು ಅದುಮುತ್ತಾರೆ, ಬಾಲವನ್ನೆತ್ತಿ ಜ್ವರ ನೋಡುತ್ತಾರೆ. ಅಪರಿಚಿತರೊಬ್ಬರು ಇದ್ದಕ್ಕಿದ್ದಂತೆ ನಿಮಗೆ ಹೀಗೆಲ್ಲ ಮಾಡಿದರೆ ನೀವೂ ಸುಮ್ಮನಿರಲಾರಿರಿ. ಆದುದರಿಂದ ಮನೆಯಲ್ಲಿ ದಿನಕ್ಕೆ ಎರಡು ಸಲ, ಎರಡೆರಡೇ ನಿಮಿಷ, ಇದೇ ಆಟವನ್ನು ಆಡಬೇಕು. ಮರಿಯನ್ನು ಒಂದು ಮೇಜಿನ ಮೇಲೆ ಜಾರದಂತೆ ಹಳೆಯ ಟವಲು ಹಾಸಿ ನಿಲ್ಲಿಸಿ. ಕಿವಿ ಮುಟ್ಟಿ, ಒಂದು ಚೂರು ತಿಂಡಿ ಕೊಡಿ. ಪಾದ ಹಿಡಿದು, ಇನ್ನೊಂದು ಚೂರು. ಮರಿ ಕೊಸರಿಕೊಂಡರೆ ಗದರದೆ ಅಲ್ಲಿಗೇ ನಿಲ್ಲಿಸಿ, ಸಂಜೆ ಮುಂದುವರಿಸಿ. ಈ ಕೆಲಸಕ್ಕೆ ಮನೆಯ ಮಕ್ಕಳಿಗಿಂತ ಒಳ್ಳೆಯ ಉಪಾಧ್ಯಾಯರಿಲ್ಲ. ಬೆಕ್ಕಿನ ಮರಿಯಾದರೆ ಒಯ್ಯುವ ಬುಟ್ಟಿಯನ್ನು ಒಂದು ವಾರ ಮೊದಲೇ ಬಾಗಿಲು ತೆರೆದು ನಡುಮನೆಯಲ್ಲಿಡಿ, ಒಳಗೆ ಅಮ್ಮನ ಹಳೆಯ ಸೀರೆ ಹಾಸಿ. ಅದು ತಾನಾಗಿಯೇ ಹೋಗಿ ಮಲಗುವುದು.

ಇಷ್ಟೆಲ್ಲ ರಾಜೋಪಚಾರವೇಕೆಂದು ಕೆಲವರಿಗೆ ತೋರಬಹುದು. ನನ್ನ ಸಹೋದ್ಯೋಗಿಗಳೊಬ್ಬರು ತಮ್ಮ ನಾಯಿಯನ್ನು ಮೊದಲ ಸಲ ಗೋಣಿಚೀಲದಲ್ಲಿ ಹಾಕಿ ಆಟೋದಲ್ಲಿ ಒಯ್ದರು. ಅಲ್ಲಿ ನಾಲ್ವರು ಅದನ್ನು ಅದುಮಿ ಹಿಡಿದರು. ಅಂದಿನಿಂದ ಆ ನಾಯಿ ಆಟೋದ ಸದ್ದು ಕೇಳಿದರೆ ಮಂಚದ ಕೆಳಗೆ. ಎಳೆಯಲು ಹೋದವರಿಗೆ ಹಲ್ಲು ತೋರಿಸಿತು. ಆಮೇಲೆ ಯಾರೂ ಎಳೆಯಲು ಹೋಗಲಿಲ್ಲ. ನಾಲ್ಕು ವರ್ಷ ಲಸಿಕೆಯಿಲ್ಲದೆ ಕಳೆಯಿತು. ಒಂದು ದಿನ ಬೆಳಿಗ್ಗೆ ಅದು ಹಾಲಿನ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು. ಪುಣ್ಯಕ್ಕೆ ಏನೂ ಆಗಲಿಲ್ಲ; ಆದರೂ ಹುಡುಗನಿಗೆ ಚುಚ್ಚುಮದ್ದುಗಳೆಲ್ಲ ಮುಗಿಯುವವರೆಗೆ, ಅವನ ತಾಯಿ ಬಾಗಿಲಿಗೆ ಬಂದಾಗಲೆಲ್ಲ ಆ ಮನೆಯವರಿಗೆ ತಲೆಯೆತ್ತಲಾಗುತ್ತಿರಲಿಲ್ಲ.

ಹುಚ್ಚುನಾಯಿಯ ರೋಗ, ಎಂದರೆ ರೇಬೀಸ್, ಒಮ್ಮೆ ಲಕ್ಷಣ ತೋರಿತೆಂದರೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ತರನು ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಲಸಿಕೆ ಕೊಟ್ಟು ಉಳಿಸಿದಂದಿನಿಂದ ಅದಕ್ಕೆ ತಡೆಯೇನೋ ಉಂಟು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಭಯವೂ ಈಗ ನಿಜವಲ್ಲ. ತೋಳಿಗೆ ನಾಲ್ಕೈದರಲ್ಲಿ ಮುಗಿಯುತ್ತದೆ. ಕಡಿದ ಜಾಗವನ್ನು ಆ ಕ್ಷಣವೇ ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಯಾವುದೂ ಸಲ್ಲದು. ನಾಯಿಗಾದರೋ ಮೂರು ತಿಂಗಳು ತುಂಬಿದಾಗ ಈ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದಂತೆ ಮುಂದೆಯೂ ಹಾಕಿಸುತ್ತಿರಬೇಕು. ಮೊದಲ ಯಾತ್ರೆಯಲ್ಲಿ ಮರಿಗೆ ಹೆದರಿಕೆ ಹುಟ್ಟದಿದ್ದರೆ ತಾನೆ ಎರಡನೆಯ ಯಾತ್ರೆ?

ಹೊರಡುವ ದಿನ ಹೊಟ್ಟೆ ತುಂಬ ಉಣಿಸಬೇಡಿ, ದಾರಿಯಲ್ಲಿ ವಾಂತಿಯಾದೀತು. ಹಾಗೆಂದು ಎಳೆಯ ಮರಿಯನ್ನು ಉಪವಾಸವೂ ಕೆಡವಕೂಡದು; ಎರಡು ಗಂಟೆ ಮೊದಲು ಸ್ವಲ್ಪ ಆಹಾರ ಸಾಕು. ಅಂದಿನ ಮಲವನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ. ಮೂಗು ಮುರಿಯಬೇಡಿ, ಜಂತುಹುಳುವಿನ ಮೊಟ್ಟೆಗಳು ಕಾಣುವುದು ಅದರಲ್ಲಿಯೇ, ಮತ್ತು ಆ ಹುಳುಗಳಲ್ಲಿ ಕೆಲವು ಮಕ್ಕಳಿಗೂ ದಾಟುತ್ತವೆ. ಮೊದಲಿನ ಮನೆಯವರು ಕೊಟ್ಟ ಔಷಧದ ಚೀಟಿ ಇದ್ದರೆ ಅದೂ ಇರಲಿ.

ವೈದ್ಯರು ಏನು ಊಟವೆಂದು ಕೇಳಿದಾಗ ನಿಜ ಹೇಳಬೇಕು. “ಬರೀ ಅನ್ನ ಮೊಸರು ಸಾರ್” ಎಂದು ಯಜಮಾನರು ಹೇಳುತ್ತಿರುವಾಗ ಮಗು ಹಿಂದಿನಿಂದ “ನಿನ್ನೆ ಚಾಕೊಲೇಟ್ ಕೊಟ್ಟೆನಲ್ಲ ಅಪ್ಪಾ” ಎಂದದ್ದನ್ನು ನಾನು ಕೇಳಿದ್ದೇನೆ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಇವು ನಾಯಿಗೆ ವಿಷ. ಮನೆಯಲ್ಲಿ ಜ್ವರಕ್ಕೆಂದು ಇಟ್ಟ ಪ್ಯಾರಸಿಟಮಾಲ್ ಮಾತ್ರೆಯಂತೂ ಬೆಕ್ಕಿನ ಪ್ರಾಣವನ್ನೇ ತೆಗೆಯುತ್ತದೆ. ಜ್ವರದ ಮಾತು ಬಂದುದರಿಂದ ಹೇಳುತ್ತೇನೆ: ನಾಯಿಯ ಸಹಜ ಶಾಖವೇ 101ರಿಂದ 102.5 ಡಿಗ್ರಿ ಫಾರನ್‌ಹೀಟ್. ಮೈ ಬೆಚ್ಚಗಿದೆ, ಮೂಗು ಒಣಗಿದೆ ಎಂದು ನೀವೇ ವೈದ್ಯರಾಗಬೇಡಿ.

ಸೂಜಿ ಚುಚ್ಚುವಾಗ ಮರಿಯ ಮುಖ ನಿಮ್ಮ ಕಡೆಗಿರಲಿ, ಬಾಯಿಗೆ ತಿಂಡಿ ಇರಲಿ. ಮುಗಿದೊಡನೆ ಹೊರಡದೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಮುಖ ಊದಿಕೊಂಡರೆ, ಪದೇ ಪದೇ ವಾಂತಿಯಾದರೆ, ಉಸಿರಾಟಕ್ಕೆ ಕಷ್ಟಪಟ್ಟರೆ ವೈದ್ಯರು ಕೈಯಳತೆಯಲ್ಲಿಯೇ ಇರುತ್ತಾರೆ. ಅಂದು ಸಂಜೆ ಮರಿ ಸ್ವಲ್ಪ ಮಂಕಾಗಿ ಮಲಗಿದರೆ ಗಾಬರಿಯಿಲ್ಲ, ಮಾರನೆಯ ದಿನಕ್ಕೆ ಸರಿಹೋಗುವುದು. ಮುಂದಿನ ತಾರೀಖನ್ನು ವೈದ್ಯರು ಬರೆದು ಕೊಟ್ಟ ಪುಸ್ತಕವನ್ನು ಬೀರುವಿನೊಳಗೆ ಭದ್ರಪಡಿಸಿ ಮರೆಯುವುದಕ್ಕಿಂತ, ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಕೆಂಪು ಶಾಯಿಯಿಂದ ಗುರುತು ಹಾಕಿಡಿ.